ಮಗ್ಗದ ಶೆಡ್ಡಿನ ಗುಳಿಗೆ ಡಬ್ಬಿ

ಗಡಹಿಂಗ್ಲಜದ ನಮ್ಮ ಸೋದರತ್ತೆಯ ಮನೆಯಲ್ಲಿ ಗುಳಿಗೆ ಇಡುವುದು ಹಳೆಯದೊಂದು ಬಿಸ್ಕೀಟಿನ ಡಬ್ಬಿಯಲ್ಲಿ. ಹೋದ ಮಳೆಗಾಲ ತಲೆನೋವಿಗೆಂದು ಅದರ ಮುಚ್ಚಳ ತೆಗೆದರೆ ಗಪ್ಪನೆ ಮೂಗಿಗೆ ಬಡಿದದ್ದು ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುವಂಥ ವಿನೆಗರ್ ವಾಸನೆ. ತಳದಲ್ಲಿ ಸ್ಟ್ರಿಪ್ಪಿನಿಂದ ಬಿಡಿಸಿಟ್ಟ ಏಳೆಂಟು ಆಸ್ಪಿರಿನ್ ಗುಳಿಗೆ ಇದ್ದವು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೈತುಂಬ ಹತ್ತಿಯ ಎಳೆಗಿಂತ ಸಣ್ಣ ಸೂಜಿಗಳು ಎದ್ದಿದ್ದವು.

"ಅವು ಸೋವಿ ಅಂಗಡೀವು, ಅದಕ್ಕ ಹಿಂಗಾಗ್ಯಾವ. ಕಂಪನೀವು ಇದ್ದಿದ್ರ ಕೆಡ್ತಿದ್ದಿಲ್ಲ" ಎಂದಳು ಅತ್ತೆ.

ಈ ಮಾತು ಅತ್ತೆಯೊಬ್ಬಳದೇ ಅಲ್ಲ. ಕೊಲ್ಹಾಪುರದಿಂದ ಬೆಳಗಾವಿಯವರೆಗೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಜೆನೆರಿಕ್, ಅಂದರೆ ಬ್ರಾಂಡಿನ ಹೆಸರಿಲ್ಲದೆ ಸೋವಿಗೆ ಸಿಗುವ ಗುಳಿಗೆ ತಂದ ದಿನ ಸರಿಯಿರಬಹುದು, ಇಟ್ಟರೆ ಬೇಗ ಸತ್ವ ಕಳೆದುಕೊಳ್ಳುತ್ತದೆ ಎಂಬ ನಂಬಿಕೆ ಅದು. ನಿಜವೇ?

ಮೊದಲು ಆ ವಾಸನೆ. ಆಸ್ಪಿರಿನ್ ಅಣುವೆಂದರೆ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಎಂಬ ಪುಟ್ಟ ಗಂಟು ಕಟ್ಟಿದ ಹಾಗೆ. ಗಾಳಿಯ ತೇವ ಗುಳಿಗೆಯೊಳಗೆ ಹೊಕ್ಕರೆ ನೀರು ಆ ಗಂಟನ್ನು ಬಿಚ್ಚುತ್ತದೆ. ಬಿಚ್ಚಿದ ತುಂಡು ಅಸಿಟಿಕ್ ಆಮ್ಲವಾಗುತ್ತದೆ, ವಿನೆಗರಿನ ಹುಳಿ ಅದೇ. ಉಳಿದ ಸ್ಯಾಲಿಸಿಲಿಕ್ ಆಮ್ಲ ಸೂಜಿಯಂಥ ಹರಳಾಗಿ ಮೇಲೇಳುತ್ತದೆ. ಹೃದಯಾಘಾತವಾದವರಿಗೆ ದಿನಕ್ಕೊಂದು ಸಣ್ಣ ಆಸ್ಪಿರಿನ್ ಕೊಡುವುದು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಿರಲೆಂದು. ಆ ಕೆಲಸಕ್ಕೆ ಬೇಕಾದದ್ದೇ ಆ ಅಸಿಟೈಲ್ ಗಂಟು. ಅತ್ತೆಯ ಡಬ್ಬಿಯೊಳಗೆ ಕೆಲಸಗಾರ ಹೊರಟುಹೋಗಿ, ಹೊಟ್ಟೆ ಉರಿಸುವವನು ಮಾತ್ರ ಉಳಿದುಕೊಂಡಿದ್ದ. ಅಂದ ಹಾಗೆ, ಇಂದು ಎಲ್ಲರೂ ಔಷಧದ ಹೆಸರೆಂದೇ ಬಳಸುವ ಆಸ್ಪಿರಿನ್ 1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ನೋಂದಾಯಿಸಿದ ಬ್ರಾಂಡು.

ಕೊಲ್ಹಾಪುರದ ಬೆಲ್ಲದ ವ್ಯಾಪಾರಿಗೆ ತೇವದ ಪಾಠ ಹೇಳಬೇಕಿಲ್ಲ. 2014ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬೆಲ್ಲವನ್ನೂ ಆಷಾಢದ ಗಾಳಿಗೆ ತೆರೆದಿಟ್ಟರೆ ಮೈ ಬೆವರಿ ಜಿನುಗುತ್ತದೆ. ಯಾವ ಗಾಣದ್ದು ಎಂದು ಗಾಳಿ ಕೇಳಿಕೊಂಡು ಬರುವುದಿಲ್ಲ.

ಗುಳಿಗೆಯ ಸ್ಟ್ರಿಪ್ಪಿನ ಮೇಲಿನ ಎಕ್ಸ್‌ಪೈರಿ ತಾರೀಖು ಎಲ್ಲಿಂದ ಬರುತ್ತದೆ ಗೊತ್ತೇ? ಒಂದು ಕಪಾಟಿನಿಂದ. ಔಷಧ ಕಾರ್ಖಾನೆಗಳಲ್ಲಿ ಸ್ಟೆಬಿಲಿಟಿ ಚೇಂಬರ್ ಎಂಬ ಯಂತ್ರವಿರುತ್ತದೆ. ಹೊರಗಿನಿಂದ ದೊಡ್ಡ ಫ್ರಿಜ್ಜಿನ ಹಾಗೆ ಕಾಣುವ ಉಕ್ಕಿನ ಪೆಟ್ಟಿಗೆ, ಒಳಗೆ ಗಾಜಿನ ಇನ್ನೊಂದು ಬಾಗಿಲು, ಜಾಳಿಗೆಯ ತಟ್ಟೆಗಳು. ಕೆಲಸ ಮಾತ್ರ ಫ್ರಿಜ್ಜಿನದಕ್ಕೆ ಉಲ್ಟಾ. ಹೀಟರ್ ಕಾಯಿಸುತ್ತದೆ, ತೇವ ಕೊಡುವ ಭಾಗ ಆವಿ ಬಿಡುತ್ತದೆ, ಸೆನ್ಸರ್ ಗಳಿಗೆಗಳಿಗೆಗೂ ಅಳೆದು ಹೆಚ್ಚು ಕಡಿಮೆ ಸರಿಪಡಿಸುತ್ತದೆ. ಮಾರಾಟಕ್ಕೆ ಹೋಗುವ ಅದೇ ಫಾಯಿಲಿನಲ್ಲಿರುವ ಗುಳಿಗೆಗಳನ್ನು 40 ಡಿಗ್ರಿ ಸೆಲ್ಸಿಯಸ್, ನೂರಕ್ಕೆ 75ರಷ್ಟು ತೇವದಲ್ಲಿ 6 ತಿಂಗಳು ಕೂರಿಸುತ್ತಾರೆ. ಪಕ್ಕದ ಚೇಂಬರಿನಲ್ಲಿ 30 ಡಿಗ್ರಿಯ ನಿಧಾನದ ಪರೀಕ್ಷೆ ವರ್ಷಗಟ್ಟಲೆ ನಡೆದಿರುತ್ತದೆ. ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಒಂದಿಷ್ಟು ಸ್ಟ್ರಿಪ್ ಹೊರತೆಗೆದು ಒಳಗಿನ ಔಷಧ ಎಷ್ಟುಳಿದಿದೆ, ಬೇಡದ್ದು ಎಷ್ಟು ಹುಟ್ಟಿದೆ ಎಂದು ಅಳೆಯುತ್ತಾರೆ. ಬಹಳಷ್ಟು ಗುಳಿಗೆಗಳಿಗೆ ಔಷಧ ಗುಣಮಟ್ಟದ ಅಧಿಕೃತ ಗ್ರಂಥವಾದ ಫಾರ್ಮಾಕೋಪಿಯಾ ಎಳೆದಿರುವ ಗೆರೆ ನೂರಕ್ಕೆ 90 ಅಥವಾ 95. ಅದರ ಕೆಳಗೆ ಇಳಿಯುವ ಮುಂಚೆಯೇ ಎಕ್ಸ್‌ಪೈರಿ ಬರಬೇಕು.

ಕಾಯಿಸುವುದೇಕೆಂದರೆ ಕಾಲವನ್ನು ಓಡಿಸಲಿಕ್ಕೆ. ಶಾಖ ಹೆಚ್ಚಿದಂತೆ ರಾಸಾಯನಿಕ ಕ್ರಿಯೆ ಹೇಗೆ ಚುರುಕಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಅರ‍್ಹೇನಿಯಸ್ 1889ರಲ್ಲಿ ಸೂತ್ರ ಕೊಟ್ಟ. ಔಷಧದವರ ಅಂದಾಜಿನ ಲೆಕ್ಕದಲ್ಲಿ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಎರಡರಿಂದ ಮೂರು ಪಟ್ಟು.

ಸ್ಟೆಬಿಲಿಟಿ ಚೇಂಬರನ್ನು ನೋಡಿದಾಗಲೆಲ್ಲ ನನಗೆ ಇಚಲಕರಂಜಿಯ ಮಗ್ಗದ ಶೆಡ್ಡು ನೆನಪಾಗುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಈಗ ಊರಿಗೆ ಊರೇ ಖಟಾಖಟಾ ಎನ್ನುತ್ತದೆ. ಹತ್ತಿ ನೂಲು ಒಣಗಿದರೆ ಪಟಪಟನೆ ಹರಿಯುತ್ತದೆ. ಅದಕ್ಕೆ ಶೆಡ್ಡಿನ ಗಾಳಿಯಲ್ಲಿ ನೂರಕ್ಕೆ 75, 80ರಷ್ಟು ತೇವ ಇದ್ದರೆ ನೇಕಾರನಿಗೆ ಹಿತ. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸುವುದು ಅದಕ್ಕೇ. ಅತ್ತೆಯ ಮಗ ಅಂಥದೇ ಒಂದು ಶೆಡ್ಡಿನಲ್ಲಿ ರಾತ್ರಿಪಾಳಿಯವನು. ಬಿಪಿಯ ಗುಳಿಗೆ, ಸಕ್ಕರೆಯ ಗುಳಿಗೆ ಎರಡನ್ನೂ ಶೆಡ್ಡಿನ ಗೋಡೆಯ ಗೂಡಿನಲ್ಲಿ, ಎಣ್ಣೆ ಡಬ್ಬಿಯ ಪಕ್ಕ ಇಟ್ಟಿದ್ದ. ಮೇಲೆ ಪತ್ರಾಸು. ಮೇ ತಿಂಗಳು ಸೆಖೆ ಕೊಡುತ್ತದೆ, ಜುಲೈ ತೇವ ಕೊಡುತ್ತದೆ. ಚೇಂಬರ್ ಎರಡನ್ನೂ ಕೂಡಿಸಿ ಕೊಡುತ್ತದೆ, ಶೆಡ್ಡು ಪಾಳಿ ಹಾಕಿ ಕೊಡುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ಅತ್ತೆಯ ಆರೋಪ. ನಮ್ಮ ದೇಶದಲ್ಲಿ 'ಕಂಪನಿ ಗುಳಿಗೆ' ಎನ್ನುವವುಗಳಲ್ಲಿ ಬಹುಪಾಲು ಕೂಡ ಜೆನೆರಿಕ್ಕೇ, ಮೇಲೆ ಒಂದು ಚಂದದ ಹೆಸರು ಹಚ್ಚಿರುತ್ತಾರೆ. ಸ್ಟ್ರಿಪ್ಪಿನ ಬೆನ್ನು ಓದಿ ನೋಡಿ. ಮಾರುವವರ ಹೆಸರು ದಪ್ಪಕ್ಷರದಲ್ಲಿ, ತಯಾರಿಸಿದವರ ಹೆಸರು ಇರುವೆಸಾಲಿನಂಥ ಅಕ್ಷರದಲ್ಲಿ. ಎಷ್ಟೋ ಸಲ ಅವೆರಡೂ ಬೇರೆಬೇರೆ. ಒಂದೇ ಕಾರ್ಖಾನೆ ನಾಲ್ಕು ಹೆಸರಿಗೆ ಗುಳಿಗೆ ಒತ್ತಿಕೊಡುವುದು ಈ ಧಂದೆಯಲ್ಲಿ ಮಾಮೂಲು. 1940ರ ಔಷಧ ಕಾಯ್ದೆಯಾಗಲಿ, ಇಂಡಿಯನ್ ಫಾರ್ಮಾಕೋಪಿಯಾ ಆಗಲಿ ಅಗ್ಗದ್ದಕ್ಕೊಂದು, ತುಟ್ಟಿಯದಕ್ಕೊಂದು ಗೆರೆ ಎಳೆದಿಲ್ಲ. 2008ರಲ್ಲಿ ಶುರುವಾದ, ಸರ್ಕಾರದ ಸೋವಿ ಔಷಧದ ಜನೌಷಧಿ ಅಂಗಡಿಗಳ ಸರಕು ಕೂಡ ಇದೇ ಗೆರೆ ದಾಟಬೇಕು. ನಮ್ಮ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಕಂಪನಿ ಎರಡು ಹೆಸರಿನಲ್ಲಿ ಮಾರುವ ಐದು ಔಷಧಗಳನ್ನು ಜೋಡಿಜೋಡಿಯಾಗಿ ಪರೀಕ್ಷಿಸಿದರು. ಗುಣ ಒಂದೇ ಇತ್ತು. ಅಂಗಡಿಯವನ ಲಾಭದಲ್ಲಿ ಮಾತ್ರ ಅಜಗಜಾಂತರ.

ಹಾಗಂತ ಗುಳಿಗೆಗಳೆಲ್ಲ ಒಂದೇ ಅಚ್ಚು ಎಂದುಕೊಳ್ಳಬೇಡಿ. ಔಷಧದ ಜೊತೆ ಕೂಡಿಸುವ ಹಿಟ್ಟು, ಅಂಟು, ಸಕ್ಕರೆಗಳನ್ನು ಆಯಾ ತಯಾರಕರೇ ಆರಿಸುತ್ತಾರೆ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ಗೂ ಹಾಲಿನ ಸಕ್ಕರೆ ಲ್ಯಾಕ್ಟೋಸ್‌ಗೂ ತೇವದಲ್ಲಿ ಕೂಡಿಬರುವುದಿಲ್ಲ. ಎರಡೂ ಮೆಲ್ಲಗೆ ಸೇರಿಕೊಂಡು ಬಣ್ಣ ತಿರುಗುತ್ತವೆ. ಕಬ್ಬಿನ ಹಾಲು ಕುದಿದು ಬೆಲ್ಲ ಕೆಂಪಾಗುವುದರಲ್ಲೂ ಇದೇ ಜಾತಿಯ ಕ್ರಿಯೆಗೆ ಪಾಲಿದೆ. ಬಲ್ಲ ತಯಾರಕ ಲ್ಯಾಕ್ಟೋಸ್ ಬಿಟ್ಟು ಸೆಲ್ಯುಲೋಸ್ ಹಾಕುತ್ತಾನೆ. ಇನ್ನೊಂದು ಸೂಕ್ಷ್ಮವಿದೆ. ಹೊಟ್ಟೆಯಲ್ಲಿ ನೀರು ಕುಡಿದು ಉಬ್ಬಿ ಗುಳಿಗೆಯನ್ನು ಒಡೆಯಲೆಂದೇ ಪಿಷ್ಟದಂಥ ಪುಡಿ ಬೆರೆಸಿರುತ್ತಾರೆ. ಡಬ್ಬಿಯ ತೇವವನ್ನೇ ಕುಡಿದು ಅದು ಮೊದಲೇ ಉಬ್ಬಿಬಿಟ್ಟರೆ ಹೊಟ್ಟೆಯಲ್ಲಿ ಮತ್ತೆ ಏಳುವ ಚೈತನ್ಯ ಇರುವುದಿಲ್ಲ. ಔಷಧ ಪೂರ್ತಿ ಇದ್ದರೂ ಕರಗುವುದು ತಡ. ಇದನ್ನು ಹಿಡಿಯಲೆಂದೇ 37 ಡಿಗ್ರಿಯ 900 ಮಿಲಿಲೀಟರ್ ದ್ರವದಲ್ಲಿ ಗುಳಿಗೆ ಹಾಕಿ, ಸಣ್ಣ ಹುಟ್ಟಿನಿಂದ ನಿಮಿಷಕ್ಕೆ 50 ಸುತ್ತು ತಿರುವುವ ಪರೀಕ್ಷೆಯಿದೆ, ಮಜ್ಜಿಗೆ ಕಡೆದ ಹಾಗೆ.

ಫಾಯಿಲಿನ ಜಾತಿಯೂ ನೋಡಬೇಕು. ಒಳಗಿನ ಗುಳಿಗೆ ಕಾಣುವ ಪಾರದರ್ಶಕ ಪಿವಿಸಿ ಗುಳ್ಳೆ ತೇವವನ್ನು ನಿಧಾನವಾಗಿ ಒಳಬಿಡುತ್ತದೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ದಪ್ಪ ಸ್ಟ್ರಿಪ್ ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಅಮಾಕ್ಸಿಸಿಲಿನ್ ಜೊತೆ ಬರುವ ಕ್ಲಾವುಲಾನಿಕ್ ಆಮ್ಲ ತೇವಕ್ಕೆ ಬಲು ಅಂಜುತ್ತದೆ, ಅದಕ್ಕೇ ಅದಕ್ಕೆ ಅಂಥ ಕವಚ. ಅಗ್ಗದ ಗುಳಿಗೆ ಅಲ್ಯೂಮಿನಿಯಂನಲ್ಲಿ, ತುಟ್ಟಿಯದು ಪಿವಿಸಿಯಲ್ಲಿ ಬಂದದ್ದನ್ನೂ ಕಂಡಿದ್ದೇನೆ. ಆದರೆ ಯಾವ ಕವಚವಾದರೂ, ವಾರದ ಗುಳಿಗೆ ಬಿಡಿಸಿ ಡಬ್ಬಿಗೆ ಸುರಿದ ದಿನ ಅದರ ಕೆಲಸ ಮುಗಿಯಿತು. ಚೇಂಬರಿನಲ್ಲಿ ಪಾಸಾದದ್ದು ಕವಚದೊಳಗಿನ ಗುಳಿಗೆ; ಬಿಸ್ಕೀಟ್ ಡಬ್ಬಿಯದಕ್ಕೆ ಆ ತಾರೀಖು ಲಾಗೂ ಆಗುವುದಿಲ್ಲ.

ಕಳಪೆ ಔಷಧ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. 2014-16ರ ರಾಷ್ಟ್ರೀಯ ಔಷಧ ಸಮೀಕ್ಷೆಯಲ್ಲಿ ನೂರಕ್ಕೆ 3.16ರಷ್ಟು ಮಾದರಿಗಳು ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದವು. ಚಿಲ್ಲರೆ ಅಂಗಡಿಗಳಲ್ಲಿ ಅದು ಸುಮಾರು 3, ಸರ್ಕಾರಿ ಮೂಲಗಳಲ್ಲಿ ಸುಮಾರು 10. ಈ ಅಂತರದಲ್ಲಿ ಕಡಿಮೆ ದರದ ಟೆಂಡರಿಗೂ ದಾಸ್ತಾನು ಕೋಣೆಯ ಸೆಖೆಗೂ ಪಾಲಿದೆ ಎಂಬುದು ನನ್ನ ಗುಮಾನಿ.

ಎಕ್ಸ್‌ಪೈರಿ ತಾರೀಖಿನ ಇನ್ನೊಂದು ಮುಖ ಅಮೆರಿಕದ ಸೇನೆಯ ಗೋದಾಮಿನಲ್ಲಿದೆ. ಅವಧಿ ಮುಗಿಯುತ್ತ ಬಂದ ಔಷಧಗಳನ್ನು ಮತ್ತೆ ಪರೀಕ್ಷಿಸುವ ಯೋಜನೆ ಅಲ್ಲಿ 1986ರಿಂದ ನಡೆದಿದೆ. 2006ರ ವರದಿಯಂತೆ 122 ಔಷಧಗಳ 3005 ಬ್ಯಾಚುಗಳಲ್ಲಿ ನೂರಕ್ಕೆ 88ರಷ್ಟಕ್ಕೆ ಕನಿಷ್ಠ ಒಂದು ವರ್ಷ ಹೆಚ್ಚಿನ ಆಯುಷ್ಯ ಸಿಕ್ಕಿತು. ಸೀಲು ಒಡೆಯದೆ, ತಂಪಾದ ಒಣ ಕೋಣೆಯಲ್ಲಿಟ್ಟ ಸರಕು ಅದು. ಪತ್ರಾಸಿನ ಕೆಳಗಿನ ಗೂಡಿಗೆ ಈ ಲೆಕ್ಕ ತರಬೇಡಿ. 2019ರ ಆಗಸ್ಟ್, 2021ರ ಜುಲೈನಲ್ಲಿ ಪಂಚಗಂಗಾ ನದಿ ಮನೆಯೊಳಗೇ ಬಂದಾಗ ಆದಂತೆ ನೆರೆನೀರಲ್ಲಿ ಮುಳುಗಿದ ಸ್ಟ್ರಿಪ್ಪಿಗಂತೂ ಲೆಕ್ಕವೇ ಬೇಡ, ಎಸೆಯಬೇಕು.

ಅತ್ತೆಯ ಮಗ ಈಗ ಎರಡೂ ಸ್ಟ್ರಿಪ್ಪನ್ನು ಮನೆಯ ಮಲಗುವ ಕೋಣೆಯ ಕಪಾಟಿನಲ್ಲಿಟ್ಟು, ಪಾಳಿಗೆ ಹೋಗುವಾಗ ಅಂದಿನ ಗುಳಿಗೆಯಷ್ಟನ್ನೇ ಫಾಯಿಲಿನ ಸಮೇತ ಕತ್ತರಿಸಿ ಕಿಸೆಗೆ ಹಾಕಿಕೊಳ್ಳುತ್ತಾನೆ. ತಾರೀಖು ಇರುವ ತುದಿಯನ್ನು ಕೊನೆಗೆ ಕತ್ತರಿಸು ಎಂದಿದ್ದೇನೆ. ಅತ್ತೆ ಆಸ್ಪಿರಿನ್ ಎಸೆದಳು, ಡಬ್ಬಿ ಎಸೆಯಲಿಲ್ಲ. ಎರಡು ಸಲ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಸೂಜಿ ದಾರ ಗುಂಡಿ ತುಂಬಿದ್ದಾಳೆ. ಮೊನ್ನೆ ಅಂಗಿಯ ಗುಂಡಿ ಹಚ್ಚಿಸಿಕೊಳ್ಳಲು ಹೋದಾಗ ಮುಚ್ಚಳ ತೆಗೆದು ಮೂಸಿದೆ. ಮೂಲೆಯಲ್ಲಿ ಇನ್ನೂ ಒಂಚೂರು ಹುಳಿ ಇತ್ತು.