ಮಳೆಯ ಲೆಕ್ಕ: ಸಂಭವನೀಯತೆಯ ಪ್ರಥಮ ಪಾಠ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡ ನಾಡಿನಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗೆ ಸೇರಿದವು. ಸಾಲ ತಂದ ಶೇಂಗಾ ಬೀಜವನ್ನು ಇಲ್ಲಿಯ ರೈತನು ನೆಲಕ್ಕೆ ಹಾಕುವುದೆಂದರೆ ಮುಗಿಲಿನೊಡನೆ ಪಣವೊಡ್ಡುವುದೇ ಸರಿ. ಆ ಪಣದ ಗಣಿತವೇ ಸಂಭವನೀಯತೆ.

ಇತಿಹಾಸದ ಅಭ್ಯಾಸಿಗಳಿಗೆ ಈ ಗಣಿತವೇಕೆಂದು ಕೇಳಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಇವೆರಡರ ನಡುವೆ 1876-78ರ ಮಹಾಕ್ಷಾಮವಿದೆ. ಒಂದು ವರ್ಷದ ಬರವನ್ನು ಹಗೇವಿನ ಧಾನ್ಯವು ತಡೆದೀತು. ಬೆನ್ನಿಗೇ ಬಂದ ಎರಡನೆಯದನ್ನು ತಡೆಯಲಾರದು. ಆದುದರಿಂದ ಬರವು ಎಷ್ಟು ಸಲ ಬಂದೀತೆಂಬುದಕ್ಕಿಂತ ಜೊತೆಜೊತೆಯಾಗಿ ಎಷ್ಟು ಸಲ ಬಂದೀತೆಂಬುದೇ ಮುಖ್ಯವಾದ ಪ್ರಶ್ನೆ.

ಈ ಶಾಸ್ತ್ರಕ್ಕೆ ಎಣಿಕೆಯೇ ತಳಹದಿ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬ ಸಾಮಾನ್ಯ ಸೂತ್ರವನ್ನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಜೂಜಿನ ಪಣದ ಹಂಚಿಕೆಯನ್ನು ಕುರಿತು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತವು ರೂಪುಗೊಂಡಿತು. ದಾಳಕ್ಕೆ ಆರು ಸಮಾನ ಮುಖಗಳಿರುವುದರಿಂದ ಒಂದೊಂದರ ಸಂಭವನೀಯತೆ 1/6. ಮಳೆಗೆ ಅಂತಹ ಮುಖಗಳಿಲ್ಲ. ಕಳೆದ ವರ್ಷಗಳನ್ನೇ ಎಣಿಸಬೇಕು.

ನಿದರ್ಶನಕ್ಕಾಗಿ, ಚಳ್ಳಕೆರೆಯಲ್ಲಿ 30 ವರ್ಷಗಳ ಪೈಕಿ 12ರಲ್ಲಿ ಮಳೆ ಕೈಕೊಟ್ಟಿತೆಂದು ಭಾವಿಸೋಣ. ಆಗ ಬರದ ಸಂಭವನೀಯತೆ 12/30, ಎಂದರೆ 2/5. ಒಳ್ಳೆಯ ಮಳೆಯದು 3/5. ಒಂದು ವರ್ಷದ ಮಳೆಯು ಇನ್ನೊಂದನ್ನು ಅವಲಂಬಿಸದಿದ್ದರೆ, ಗೊತ್ತಾದ ಎರಡು ವರ್ಷಗಳೂ ಕೆಡುವ ಸಂಭವನೀಯತೆ 2/5 × 2/5 = 4/25. ಮೂರು ವರ್ಷವೂ ಚೆನ್ನಾಗಿರುವುದು 27/125. ಆದುದರಿಂದ ಮೂರರಲ್ಲಿ ಒಂದಾದರೂ ಕೆಡುವುದು 98/125, ನೂರಕ್ಕೆ ಸುಮಾರು 78. ಮೂರು ಕಂತುಗಳ ಸಾಲಕ್ಕೆ ರುಜು ಹಾಕುವವನು ಅರಿತಿರಬೇಕಾದ ಅಂಕಿ ಇದು.

ಇಲ್ಲಿ ಎರಡು ಭ್ರಾಂತಿಗಳನ್ನು ತೊರೆಯಬೇಕು. 'ಎರಡು ವರ್ಷ ಕೆಟ್ಟಿತು, ಈ ಸಲ ಆಗಲೇಬೇಕು' ಎಂಬುದು ಮೊದಲನೆಯದು. ವರ್ಷಗಳು ಪರಸ್ಪರ ಸ್ವತಂತ್ರವಾಗಿದ್ದರೆ ಈ ಸಲದ ಭಯವೂ ಅದೇ 2/5. ಮುಗಿಲು ಯಾರಿಗೂ ಋಣಿಯಲ್ಲ.

ಎರಡನೆಯದು, ಎರಡು ತಾಲ್ಲೂಕುಗಳಲ್ಲೂ ಹೊಲವಿದ್ದರೆ ಅಪಾಯವು ಬಹುವಾಗಿ ಇಳಿಯುತ್ತದೆಂಬ ನಂಬಿಕೆ. ಮೊಳಕಾಲ್ಮೂರಿನಲ್ಲಿಯೂ 12 ವರ್ಷ ಕೆಟ್ಟು, ಅವುಗಳಲ್ಲಿ 10 ಚಳ್ಳಕೆರೆಯ ಬರದ ವರ್ಷಗಳೇ ಆಗಿದ್ದರೆ, ಎರಡೂ ಕಡೆ ಕೆಡುವ ಸಂಭವನೀಯತೆ 10/30, ಎಂದರೆ 1/3. ಗುಣಾಕಾರದಿಂದ ಬರುವ 4/25 ಅಲ್ಲ. ಚಳ್ಳಕೆರೆ ಕೆಟ್ಟಿತೆಂದು ತಿಳಿದ ಮೇಲಂತೂ ಮೊಳಕಾಲ್ಮೂರೂ ಕೆಡುವುದು 10/12, ಎಂದರೆ 5/6. ನೆರೆಹೊರೆಯ ಸೀಮೆಗಳು ಒಂದೇ ಮುಗಿಲನ್ನು ನಂಬಿರುವಾಗ ಅವುಗಳ ಭಾಗ್ಯವನ್ನು ಬೇರೆ ಬೇರೆಯೆಂದು ಗುಣಿಸಕೂಡದು. ನೆರೆಯವನಿಗೆ ನೆರೆಯವನು ಕಾಳು ಕೊಡಲಾರದ ಸ್ಥಿತಿ ಒದಗುವುದೂ ಇದರಿಂದಲೇ.

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ಕಾಗದಪತ್ರಗಳು ಕಂದಾಯದ ಮಾಫಿ ಬೇಡಿದ ವರ್ಷಗಳನ್ನು ಹೇಳುತ್ತವೆ. ಸುಭಿಕ್ಷದ ವರ್ಷಗಳ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿರುತ್ತವೆ. ಅಂಶವನ್ನಷ್ಟೇ ನೋಡಿ ಛೇದವನ್ನು ಮರೆತವನಿಗೆ ನಾಡೆಲ್ಲ ಬರವಾಗಿಯೇ ಕಂಡೀತು. ಮಾತನಾಡದ ವರ್ಷಗಳನ್ನೂ ಎಣಿಕೆಗೆ ತಂದುಕೊಳ್ಳುವುದನ್ನು ಇತಿಹಾಸಕಾರನು ಗಣಿತದಿಂದ ಕಲಿಯಬೇಕೆಂದು ನಾವು ಭಾವಿಸುತ್ತೇವೆ.