ಉಪನಗರದ ಗೃಹಜೀವನ: ಒಂದು ಕಥೆ, ಎರಡು ಕಾಲದ ಸಾಕ್ಷ್ಯ

ಹಳೆಯ ಚಲನಚಿತ್ರವೊಂದನ್ನು ದೂರದರ್ಶನಕ್ಕಾಗಿ ಪುನರ್ನಿರ್ಮಿಸಿದಾಗ ಅದು ಯಾವ ಕಾಲದ ಸಾಕ್ಷ್ಯವಾಗುತ್ತದೆ? ಕಥೆ ನಡೆದ ಕಾಲದ್ದೋ, ಅದನ್ನು ನಿರ್ಮಿಸಿದ ಕಾಲದ್ದೋ? ಅಮೆರಿಕದ ಉಪನಗರಜೀವನದ ಕರಾಳಮುಖವನ್ನು ತೋರಿಸುವ ‘ಮಿಲ್ಡ್ರೆಡ್ ಪಿಯರ್ಸ್’ ಈ ಪ್ರಶ್ನೆಯ ವಿವೇಚನೆಗೆ ತಕ್ಕ ನಿದರ್ಶನವಾಗಿದೆ.

ಇದರ ಮೂಲ ಜೇಮ್ಸ್ ಎಂ. ಕೇನ್ 1941ರಲ್ಲಿ ಪ್ರಕಟಿಸಿದ ಕಾದಂಬರಿ. ಕಥೆಯು ಲಾಸ್ ಏಂಜಲೀಸಿನ ಉಪನಗರವಾದ ಗ್ಲೆಂಡೇಲಿನಲ್ಲಿ, 1931ರಲ್ಲಿ ಆರಂಭವಾಗುತ್ತದೆ. ಮನೆಗಳನ್ನು ಕಟ್ಟಿಸಿ ಮಾರುತ್ತಿದ್ದ ಗಂಡನು ಆರ್ಥಿಕ ಮುಗ್ಗಟ್ಟಿನಲ್ಲಿ ಸಂಪತ್ತನ್ನು ಕಳೆದುಕೊಳ್ಳುತ್ತಾನೆ; ಸಂಸಾರ ಒಡೆಯುತ್ತದೆ. ಮಿಲ್ಡ್ರೆಡ್ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿ, ಕ್ರಮೇಣ ತಾನೇ ಹೋಟೆಲುಗಳ ಒಡತಿಯಾಗುತ್ತಾಳೆ. ಹಿರಿಯ ಮಗಳು ವೀಡಾ ತಾಯಿಯ ದುಡಿಮೆಯ ಫಲವನ್ನು ಉಣ್ಣುತ್ತಲೇ ಆ ದುಡಿಮೆಯನ್ನು ಹೀನವೆಂದು ಕಾಣುತ್ತಾಳೆ.

ಮೈಕೆಲ್ ಕರ್ಟಿಜ್ ನಿರ್ದೇಶಿಸಿದ 1945ರ ಚಿತ್ರವು ಕಾದಂಬರಿಯಲ್ಲಿಲ್ಲದ ಕೊಲೆಯೊಂದರಿಂದ ಮೊದಲಾಗುತ್ತದೆ. ಇದು ಕೇವಲ ಕುತೂಹಲವನ್ನು ಕೆರಳಿಸುವ ತಂತ್ರವಲ್ಲ. ಅಂದು ಹಾಲಿವುಡ್ಡಿನಲ್ಲಿ ಜಾರಿಯಲ್ಲಿದ್ದ ನಿರ್ಮಾಣ ನಿಯಮಾವಳಿಯಂತೆ ತಪ್ಪಿಗೆ ಶಿಕ್ಷೆಯಾಗಲೇಬೇಕಾಗಿತ್ತು. ಕೊಲೆಯನ್ನು ಸೇರಿಸಿದ್ದರಿಂದ ವೀಡಾ ಪೊಲೀಸರ ವಶವಾದಳು. ಮಿಲ್ಡ್ರೆಡ್ ಗಂಡನೊಡನೆ ಹೊರನಡೆದಳು. ಆದರೆ ಉಪನಗರದ ವ್ಯಾಧಿ ಇದರಿಂದ ಒಬ್ಬಳ ದುಷ್ಟತನವಾಗಿ ಕುಗ್ಗಿತು. ಆರ್ಥಿಕ ಮುಗ್ಗಟ್ಟು ಬಹುಮಟ್ಟಿಗೆ ಮರೆಯಾಯಿತು.

2011ರಲ್ಲಿ ಟಾಡ್ ಹೇನ್ಸ್ ಎಚ್‌ಬಿಒ ವಾಹಿನಿಗಾಗಿ ಇದನ್ನು ಐದು ಭಾಗಗಳಲ್ಲಿ ನಿರ್ಮಿಸಿದರು. ಆ ನಿಯಮಾವಳಿ 1968ರಲ್ಲಿಯೇ ರದ್ದಾಗಿತ್ತು. ಕೊಲೆಯನ್ನು ಕೈಬಿಟ್ಟು ಕಾದಂಬರಿಯನ್ನೇ ಅನುಸರಿಸಿದ ಈ ಕೃತಿಯಲ್ಲಿ, ಕೆಲಸಕ್ಕಾಗಿ ಅಲೆದಾಟ, ಅಡುಗೆಮನೆಯ ಶ್ರಮ, ಹಣದ ಲೆಕ್ಕಾಚಾರ ಇವುಗಳಿಗೆ ವಿಸ್ತಾರವಾದ ಎಡೆ ದೊರೆಯಿತು. ಗೃಹಸಾಲಗಳ ಕುಸಿತದಿಂದ ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡ 2008ರ ಸಂಕಟವನ್ನು ಕಂಡಿದ್ದ ಪ್ರೇಕ್ಷಕರಿಗೆ 1931ರ ಕಥೆ ದೂರದ್ದಾಗಿ ತೋರಿರಲಾರದು.

ಹಾಗಾದರೆ ಮೂಲನಿಷ್ಠವಾದ ಪುನರ್ನಿರ್ಮಾಣವೇ ಹೆಚ್ಚು ಪ್ರಮಾಣಭೂತವೇ? ಹಾಗೆಂದು ಹೇಳಲಾಗದು. ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂಬ ಷರತ್ತುಗಳು ಅಂದಿನ ಅಮೆರಿಕದ ಉಪನಗರಗಳಲ್ಲಿ ವ್ಯಾಪಕವಾಗಿದ್ದವು. ನ್ಯಾಯಾಲಯಗಳು ಅವನ್ನು ಜಾರಿಗೊಳಿಸಲಾಗದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1948ರಲ್ಲಿ. ಈ ವಿಷಯ ಎರಡು ಕೃತಿಗಳಲ್ಲಿಯೂ ಕೇಂದ್ರಕ್ಕೆ ಬರುವುದಿಲ್ಲ. ಆದುದರಿಂದ ಇಂತಹ ಕೃತಿಗಳನ್ನು ಆಕರವಾಗಿ ಬಳಸುವ ವಿದ್ಯಾರ್ಥಿಯು, ಅವು ಸೇರಿಸಿದ್ದೇನು, ಬಿಟ್ಟದ್ದೇನು ಎಂಬುದನ್ನು ಮೊದಲು ಗುರುತಿಸಬೇಕು. ಆ ವ್ಯತ್ಯಾಸದಲ್ಲಿಯೇ ನಿರ್ಮಾಣಕಾಲದ ಇತಿಹಾಸ ಅಡಗಿರುತ್ತದೆ.