ಮದ್ದು ಅಳೆದ ಕೈಗಳು

ನಿಡೋಣಿ, ಬಬಲೇಶ್ವರ, ತಿಕೋಟಾ ಕಡೆಯಿಂದ ಕಚೇರಿ ಕೆಲಸಕ್ಕೋ ಸಂತೆಗೋ ವಿಜಯಪುರಕ್ಕೆ ಬಂದವರು, ಹೊತ್ತು ಉಳಿದರೆ ಒಮ್ಮೆ ಉಪ್ಲಿ ಬುರುಜು ಹತ್ತಬೇಕು. ಸುಮಾರು 80 ಅಡಿ ಎತ್ತರದ ಈ ಬುರುಜಿನ ಮೆಟ್ಟಿಲುಗಳು ಹೊರಮೈಯನ್ನೇ ಸುತ್ತಿಕೊಂಡು ಮೇಲೇರುತ್ತವೆ. ನೆತ್ತಿಯ ಮೇಲೆ ಎರಡು ಕಬ್ಬಿಣದ ತೋಪುಗಳು ಮಲಗಿವೆ. ದೊಡ್ಡದರ ಹೆಸರು ಲಂಬ್‌ಚರಿ, ಉದ್ದ 30 ಅಡಿಗೂ ಮಿಕ್ಕಿ.

ಅದರ ಮೈ ಮೇಲೆ ಕೈಯಾಡಿಸಿದರೆ ಇದು ಎರಕ ಹೊಯ್ದ ತೋಪಲ್ಲ ಎಂಬುದು ತಿಳಿಯುತ್ತದೆ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ನಳಿಗೆ ಮಾಡಿ, ಅದರ ಮೇಲೆ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಿದ್ದಾರೆ. ಚಕ್ಕಡಿಯ ಗಾಲಿಗೆ ಹಳಿ ಕೂಡಿಸುವುದನ್ನು ಕಂಡವರಿಗೆ ಈ ಕೆಲಸದ ಗುಟ್ಟು ಹೇಳಿಕೊಡಬೇಕಿಲ್ಲ. ಕೆಂಪಗೆ ಕಾದಾಗ ಹಿಗ್ಗಿದ ಕಬ್ಬಿಣ ತಣಿದಾಗ ಕುಗ್ಗಿ, ಒಳಗಿನದನ್ನು ಬಿಗಿಯಾಗಿ ಹಿಡಿಯುತ್ತದೆ. ಊರ ಕಂಬಾರನ ಕುಲುಮೆಯಲ್ಲಿ ದಿನವೂ ನಡೆಯುತ್ತಿದ್ದ ಕೆಲಸವೇ ಇಲ್ಲಿ ಬೃಹತ್ತಾಗಿ ಬೆಳೆದಿದೆ. ಕೋಟೆಯ ದಕ್ಷಿಣ ಗೋಡೆಯ ಮೇಲಿನ ಲಂಡಾ ಕಸಾಬ್ ಇನ್ನೊಂದು ದೈತ್ಯ. ಅದು 21 ಅಡಿಗೂ ಹೆಚ್ಚು ಉದ್ದವಿದೆ.

ಪಶ್ಚಿಮದ ಶೇರ್ಝಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್‌ನ ಜಾತಿಯೇ ಬೇರೆ. ಅದು ತಾಮ್ರ ಮತ್ತು ತವರ ಬೆರೆಸಿ ಹೊಯ್ದ ತೋಪು. ಅಹ್ಮದ್‌ನಗರದ ನಿಜಾಮಶಾಹಿಗಾಗಿ 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತಂತ್ರಜ್ಞ ಇದನ್ನು ಎರಕ ಹೊಯ್ದ. ‘ರೂಮಿ’ ಎಂದರೆ ತುರ್ಕರ ನಾಡಿನವನು. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಬಾಯಿ ಎರಡಡಿಗೂ ಹೆಚ್ಚು ಅಗಲವಿದ್ದು, ಆನೆಯನ್ನು ಕಚ್ಚಿದ ಸಿಂಹದ ಮುಖದ ಆಕಾರದಲ್ಲಿದೆ. 1632ರಲ್ಲಿ ಪರಾಂಡ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತರಲು 400 ಎತ್ತು, 10 ಆನೆ ಬೇಕಾದವೆಂದು ಹೇಳುತ್ತಾರೆ. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುವ ಈ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೇಡಿಕೆ ಬರೀ 150 ರೂಪಾಯಿ. ಹರಾಜು ನಿಂತದ್ದರಿಂದ ತೋಪು ಉಳಿಯಿತು.

ಆದರೆ ತೋಪು ಎಷ್ಟೇ ದೊಡ್ಡದಿರಲಿ, ಅದರೊಳಗೆ ಏನು ತುಂಬಬೇಕು, ಎಷ್ಟು ತುಂಬಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಪಕ್ಕದಲ್ಲಿ ನಿಂತ ಗೋಲಂದಾಜ. ಇದಕ್ಕೆ ಬಲವಾದ ಸಾಕ್ಷಿ 1565ರ ತಾಳಿಕೋಟೆ ಯುದ್ಧ. ಅಹ್ಮದ್‌ನಗರದ ಫಿರಂಗಿ ದಳದ ಮುಖ್ಯಸ್ಥ ರೂಮಿ ಖಾನ್, ವಿಜಯನಗರದ ಪಡೆ ತೀರ ಸಮೀಪ ಬಂದಾಗ ಗುಂಡುಗಳನ್ನು ಬಿಟ್ಟು ತಾಮ್ರದ ನಾಣ್ಯಗಳನ್ನು ತೋಪುಗಳಿಗೆ ತುಂಬಿಸಿದನೆಂದು ಫಿರಿಶ್ತಾ ಬರೆದಿದ್ದಾನೆ. ಇದೇ ವಿಜಯಪುರದ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಆತ. ದೂರದ ಗುರಿಗೆ ಒಂದೇ ದೊಡ್ಡ ಗುಂಡು, ಎದುರಿಗೇ ನುಗ್ಗುವ ದಂಡಿಗೆ ಚದುರಿ ಹಾರುವ ನಾಣ್ಯ. ತೋಪು ಅದೇ, ಬದಲಾದದ್ದು ಈಡು ಮಾತ್ರ. ಬೇಟೆಗಾರ ಹಕ್ಕಿಗೆ ಸಣ್ಣ ಚರೆ, ಹಂದಿಗೆ ದಪ್ಪ ಗುಂಡು ಎಂದು ಲೆಕ್ಕ ಹಾಕುವುದರ ಹಿಂದೆಯೂ ಇದೇ ತರ್ಕವಿದೆ.

ತೋಪಿನಿಂದ ಬಂದೂಕಿಗೆ ಇಳಿದಾಗ ಈ ಲೆಕ್ಕ ಪ್ರತಿಯೊಬ್ಬ ಬಂದೂಕುಧಾರಿಯ ಪಾಲಿಗೂ ಬಂತು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದನ್ನು ನಳಿಗೆಯ ಬಾಯಿಯಿಂದ ಸುರಿದು, ನಾರಿನ ಉಂಡೆ ತುರುಕಿ, ಸಲಾಕೆಯಿಂದ ಜಡಿದು, ಮೇಲೆ ಸೀಸದ ಗುಂಡು ಇಳಿಸಬೇಕು. ಮದ್ದು ಕಡಿಮೆಯಾದರೆ ಗುಂಡು ಗುರಿ ಮುಟ್ಟದು. ಹೆಚ್ಚಾದರೆ ನಳಿಗೆಯೇ ಸಿಡಿದು ಹೊಡೆಯುವವನ ಮುಖ ಸುಡುತ್ತದೆ. ಹೊತ್ತುವ ಬತ್ತಿ, ಚಕಮಕಿ ಕಲ್ಲುಗಳ ಬದಲು ಪುಟ್ಟ ‘ಕೇಪು’ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ದಾರಿ ಮಾಡಿಕೊಟ್ಟವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಪೆಟ್ಟು ಬಿದ್ದರೆ ಹೊತ್ತುವ ರಾಸಾಯನಿಕವನ್ನು ಬಳಸಿದ ತನ್ನ ಸಾಧನಕ್ಕೆ ಆತ 1807ರಲ್ಲಿ ಹಕ್ಕುಪತ್ರ ಪಡೆದ. ನಮ್ಮ ಮಲೆನಾಡಿನ ‘ಕೇಪಿನ ಕೋವಿ’ ಆ ಸಂತತಿಯದು.

ಅಳೆದ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿದ ತೋಟಾ ಕೇಪಿಗೂ ಮೊದಲೇ ಬಳಕೆಯಲ್ಲಿತ್ತು. ಎನ್‌ಫೀಲ್ಡ್ ಬಂದೂಕಿನ ಅಂಥ ತೋಟಾಕ್ಕೆ ಸವರಿದ ಕೊಬ್ಬು 1857ರಲ್ಲಿ ಉತ್ತರದ ಸಿಪಾಯಿಗಳ ನಡುವೆ ಎಬ್ಬಿಸಿದ ಕಿಡಿಯ ಕತೆ ಎಲ್ಲರಿಗೂ ಗೊತ್ತು. ಅದೇ ವರ್ಷ ನಮ್ಮ ಸೀಮೆಯಲ್ಲಿ ಎದ್ದ ಬೆಂಕಿಯ ಮೂಲ ಬೇರೆ, ಮತ್ತು ಅದನ್ನು ಇನ್ನಷ್ಟು ಗಟ್ಟಿಯಾಗಿ ನೆನೆಯಬೇಕು.

ಕೃಷ್ಣೆ ದಾಟಿ ದಕ್ಷಿಣಕ್ಕೆ ಹೋದರೆ ಹಲಗಲಿ ಸಿಗುತ್ತದೆ. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಆ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ ಎಂದು ಆಜ್ಞೆ ಹೊರಡಿಸಿದಾಗ ಇಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ ಅವರ ಬದುಕು, ಕಾವಲು ಅವರ ಕಸುಬು, ಆಯುಧ ಮನೆತನದ ಮಾನ. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಅವರದೇ ಊರಾದ ಹಲಗಲಿಯಲ್ಲಿ. ಈ ಸೀಮೆಯ ಲಾವಣಿಕಾರರು ಆ ದುಃಖವನ್ನು ಹಾಡಿ ಉಳಿಸಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದು. ಒಬ್ಬ ಮನುಷ್ಯ ತನ್ನ ಬಂದೂಕನ್ನು ತಾನೇ ತುಂಬಿಕೊಳ್ಳುವುದು ಅಪ್ಪಣೆ ಬೇಡುವ ಕೆಲಸವಾದದ್ದು ಈ ಭಾಗದಲ್ಲಿ ಇಂಥ ಬೆಲೆ ತೆತ್ತ ಮೇಲೆ.

1878ರ ಆಯುಧ ಕಾಯ್ದೆ ಆ ಅಪ್ಪಣೆಯನ್ನು ದೇಶಕ್ಕೆಲ್ಲ ವ್ಯವಸ್ಥಿತವಾಗಿ ಹರಡಿತು. ಬಂದೂಕಿಗಷ್ಟೇ ಅಲ್ಲ, ಸೀಸ, ಗಂಧಕ, ಪೆಟ್ಲುಪ್ಪಿನ ಮೇಲೂ ನಿರ್ಬಂಧ ಹೇರುವ ಅಧಿಕಾರ ಅದರಲ್ಲಿತ್ತು. ಸರ್ಕಾರಕ್ಕೆ ನಿಜವಾದ ಅಂಜಿಕೆ ಇದ್ದದ್ದು ಎಲ್ಲಿ ಎಂಬುದನ್ನು ಈ ಮೂರು ಹೆಸರುಗಳೇ ಹೇಳುತ್ತವೆ. ಮದ್ದಿಲ್ಲದ ಬಂದೂಕು ಬರೀ ಕೊಳವೆ.

ಇದೇ ಕರ್ನಾಟಕದ ಇನ್ನೊಂದು ತುದಿಯಲ್ಲಿ ಚಿತ್ರ ತಿರುಗುಮುರುಗು. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರು 1861ರಲ್ಲಿ ಕೊಟ್ಟ ಬಂದೂಕು ಪರವಾನಗಿಯ ವಿನಾಯಿತಿ ಸ್ವತಂತ್ರ ಭಾರತದ ಕಾಯ್ದೆಯಡಿಯೂ ಮುಂದುವರಿದಿದೆ. ಈಗಿನ ಆದೇಶ 2029ರವರೆಗೆ ಜಾರಿಯಲ್ಲಿದ್ದು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಒಂದೇ ನಾಡಿನಲ್ಲಿ ಹಲಗಲಿಗೆ ಗಲ್ಲು, ಕೊಡಗಿಗೆ ವಿನಾಯಿತಿ. ಎರಡನ್ನೂ ಅಳೆದದ್ದು ಆಳುವವರ ನಂಬಿಕೆಯ ತಕ್ಕಡಿ.

ಹೊರಗಿನ ಲೋಕದಲ್ಲಿ ಈಡು ತುಂಬುವ ಕೆಲಸ ಹವ್ಯಾಸವಾಗಿ ಹಬ್ಬಿತು. ಹಿತ್ತಾಳೆಯ ತೋಟಾ ಬಂದ ಮೇಲೆ ಖಾಲಿ ಕೋಶವನ್ನು ಎಸೆಯದೆ ಮತ್ತೆ ತುಂಬುವ ಯೋಚನೆ ಹುಟ್ಟಿತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ 1860ರ ದಶಕದಲ್ಲಿ ರೂಪಿಸಿದ ಕೇಪಿನ ಕೋಶಕ್ಕೆ ತಳದ ನಡುವೆ ಒಂದೇ ತೂತು. ಕಡ್ಡಿ ಇಳಿಸಿದರೆ ಹಳೆಯ ಕೇಪು ಸಲೀಸಾಗಿ ಹೊರಬೀಳುತ್ತದೆ. ಅಮೆರಿಕದ ಹೈರಮ್ ಬರ್ಡನ್‌ನ ಮಾದರಿಯಲ್ಲಿ ಪಕ್ಕಕ್ಕೆ ಎರಡು ತೂತು, ಕೆಲಸ ತೊಡಕಿನದು. ಆದರೆ ಅಮೆರಿಕ ಅಪ್ಪಿಕೊಂಡದ್ದು ಆಂಗ್ಲನ ಬಾಕ್ಸರ್ ಕೇಪನ್ನೇ. ಮನೆಯ ಮೇಜಿನ ಮೇಲೆ ತೋಟಾ ತುಂಬುವ ಹವ್ಯಾಸ ಅಲ್ಲಿ ಬೇರೂರಲು ಆ ಒಂದು ತೂತು ದೊಡ್ಡ ಕಾರಣ.

ಭಾರತದಲ್ಲಿ ಅದಕ್ಕೆ ಅಂಥ ಜಾಗವಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ತೋಟಾ ತಯಾರಿಸುವ ಯಂತ್ರವೂ ‘ಮದ್ದುಗುಂಡು’ ಎಂಬ ವ್ಯಾಖ್ಯೆಯೊಳಗೇ ಬರುತ್ತದೆ. ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಬಂದೂಕಿನ ಪರವಾನಗಿ ಇರುವವರು ಅಂಗಡಿಯಿಂದ ತೋಟಾ ಕೊಳ್ಳುತ್ತಾರೆ. 12 ಬೋರಿನ ಕೋವಿಗೆ ಪುಣೆಯ ಖಡಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ ಬಹುಕಾಲದಿಂದ ಪರಿಚಿತ.

ಆದರೂ ಅದೇ ಕಾಯ್ದೆಯ 13ನೇ ಕಲಮಿನಲ್ಲಿ ರೈತನಿಗೊಂದು ಸಾಲು ಮೀಸಲಿದೆ. ನಿಜವಾಗಿಯೂ ಬೆಳೆ ಕಾಯಲು ಬೇಕೆಂದರೆ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬಹುದು. ಪಶ್ಚಿಮಘಟ್ಟದ ಅಂಚಿನ ತೋಟಗಳಲ್ಲಿ ಅಂಥ ಕೋವಿಗಳು ಇಂದಿಗೂ ಇವೆ. ಚುನಾವಣೆ ಘೋಷಣೆಯಾದೊಡನೆ ಅವುಗಳ ಒಡೆಯರು ಕೋವಿಯನ್ನು ಠಾಣೆಗೆ ಒಯ್ದು ಒಪ್ಪಿಸಿ ಚೀಟಿ ಪಡೆಯುತ್ತಾರೆ. ಮತ ಎಣಿಕೆ ಮುಗಿದು ಕೋವಿ ಮನೆಗೆ ಮರಳುವವರೆಗೆ ರಾತ್ರಿ ಗದ್ದೆಯಲ್ಲಿ ಡಬ್ಬ ಬಡಿಯುತ್ತ ಹಂದಿ ಓಡಿಸುತ್ತಾರೆ.